ಪದಚರ್ಚೆ: ‘ರಸ್ತೆ’ಯೋ ‘ಬೀದಿ’ಯೋ? ‘ಅಗಲೀಕರಣ’ಕ್ಕೆ ಎದುರಾಗಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ತುಮಕೂರಿನ ನಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ನಡೆದು ಹೋಗುವವರಿಗೆ ಜಾಗವಿಲ್ಲ. ಮೋರಿ ಮೇಲೆ ಹಾಸಿದ ಚಪ್ಪಡಿಗಳೇ ಫುಟ್‌ಪಾತು, ಅವೂ ಅಲ್ಲಲ್ಲಿ ಬಾಯಿ ಬಿಟ್ಟಿವೆ. ಶಾಲೆ ಬಿಡುವ ಹೊತ್ತಿಗೆ ಮಕ್ಕಳೆಲ್ಲ ಡಾಂಬರಿನ ಮೇಲೆ, ಲಾರಿ ಬೈಕುಗಳ ನಡುವೆ. ಇದನ್ನು ಸರಿಪಡಿಸಿ ಎಂದು ಪಾಲಿಕೆಗೆ ಕೊಡಲು ಒಂದು ಮನವಿ ತಯಾರಾಗುತ್ತಿದೆ. ಜೊತೆಗೆ ನಕ್ಷೆಯನ್ನೂ ಕೊಡೋಣ ಎಂದು ಬಡಾವಣೆಯಲ್ಲೇ ಇರುವ ಸಿವಿಲ್ ಓದಿದ ಹುಡುಗಿ ಬರೆದುಕೊಟ್ಟಿದ್ದಾಳೆ. ಅದಕ್ಕೆ ಕನ್ನಡದಲ್ಲಿ ವಿವರಣೆ ಬರೆಯುವ ಕೆಲಸ ನನಗೆ ಬಂತು.

ಮೊದಲ ಸಲ ಬರೆದಾಗ ‘ರಸ್ತೆಯನ್ನು ಕಿರಿದುಗೊಳಿಸಿ ಪಾದಚಾರಿ ಮಾರ್ಗವನ್ನು ಅಗಲಗೊಳಿಸುವುದು’ ಎಂದು ಬರೆದೆ. ಬಡಾವಣೆಯವರ ಮುಂದೆ ಅದನ್ನು ಓದಿ ಮುಗಿಸುವುದರೊಳಗೆ ದಿನಸಿ ಅಂಗಡಿಯವರು ಎದ್ದು ನಿಂತರು. “ಎಲ್ಲಾ ಕಡೆ ರೋಡು ಅಗಲ ಮಾಡಿ ಅಂತ ಅರ್ಜಿ ಕೊಡ್ತಾರೆ, ನೀವು ಚಿಕ್ಕದು ಮಾಡಿ ಅಂತೀರಲ್ಲ ಸ್ವಾಮಿ?” ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ‘ಅಗಲೀಕರಣ’ ಎಂಬ ಪದ ನಮ್ಮ ಕಿವಿಯಲ್ಲಿ ಅಭಿವೃದ್ಧಿಗೆ ಇನ್ನೊಂದು ಹೆಸರಾಗಿ ಕೂತುಬಿಟ್ಟಿದೆ. ಕನ್ನಡದ ‘ಅಗಲ’ಕ್ಕೆ ಸಂಸ್ಕೃತದ ‘ಈಕರಣ’ ಅಂಟಿಸಿ ಕಟ್ಟಿದ ಪದವಾದರೂ ಪತ್ರಿಕೆಯಲ್ಲಿ, ಭಾಷಣದಲ್ಲಿ, ಪಾಲಿಕೆಯ ನೋಟಿಸಿನಲ್ಲಿ ಚೆನ್ನಾಗಿ ಬೇರು ಬಿಟ್ಟಿದೆ. ಅದರ ಎದುರು ‘ಕಿರಿದುಗೊಳಿಸು’ ಎಂದ ಕೂಡಲೇ ಏನನ್ನೋ ಕಳೆದುಕೊಳ್ಳುವ ಮಾತಾಯಿತು.

ಆದರೆ ನಕ್ಷೆಯಲ್ಲಿ ಯಾರೂ ಒಂದು ಅಂಗುಲವನ್ನೂ ಕಳೆದುಕೊಳ್ಳುವುದಿಲ್ಲ. ನಮ್ಮದು 60 ಅಡಿ ರಸ್ತೆ. ಮನೆ, ಅಂಗಡಿ ಬೆರೆತಿರುವ ಕಡೆ ಪಾದಚಾರಿಗಳಿಗೆ ಅಡ್ಡಿಯಿಲ್ಲದ ಕನಿಷ್ಠ 2.5 ಮೀಟರ್ ಬೇಕು ಎಂದು, ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಹೇಳಿತ್ತು, ಅಂದರೆ ಎಂಟು ಅಡಿಯ ಮೇಲೆ ಸ್ವಲ್ಪ. ಎರಡು ಬದಿಗೂ ಅಷ್ಟು ಬಿಟ್ಟರೆ ಇನ್ನೂ 43 ಅಡಿಗೂ ಹೆಚ್ಚು ಗಾಡಿಗಳಿಗೇ ಉಳಿಯುತ್ತದೆ. ಇಲ್ಲೇ ನನಗೆ ‘ರಸ್ತೆ’ ಪದದ ಎರಡು ಮುಖ ಕಂಡಿದ್ದು. ಸೈಟು ಕೊಳ್ಳುವಾಗ ‘ಅರವತ್ತಡಿ ರಸ್ತೆ’ ಎಂದರೆ ಈ ಕಾಂಪೌಂಡಿನಿಂದ ಆ ಕಾಂಪೌಂಡಿನವರೆಗಿನ ಅಳತೆ, ಮೋರಿಯೂ ಮರವೂ ಅದರೊಳಗೇ. ಅದೇ ಜನ ‘ರಸ್ತೆ ಹಾಕಿದರು’, ‘ರಸ್ತೆ ಕಿತ್ತುಹೋಗಿದೆ’ ಎಂದಾಗ ಬರೀ ಡಾಂಬರು. ಮನವಿಯಲ್ಲಿ ನಾನು ಎರಡನೆಯ ಅರ್ಥದಲ್ಲಿ ಬರೆದೆ, ಅಂಗಡಿಯವರು ಮೊದಲನೆಯ ಅರ್ಥದಲ್ಲಿ ಕೇಳಿಸಿಕೊಂಡರು.

ಹಾಗಾಗಿ ಇಡೀ ಅಗಲಕ್ಕೆ ‘ಬೀದಿ’ ಎಂದೂ, ಗಾಡಿ ಓಡುವ ಭಾಗಕ್ಕೆ ಮಾತ್ರ ‘ರಸ್ತೆ’ ಎಂದೂ ಬಳಸಿದರೆ ಹೇಗೆ? ‘ಬೀದಿ’ ಸಂಸ್ಕೃತದ ‘ವೀಥಿ’ಯ ತದ್ಭವ, ‘ರಸ್ತೆ’ ಪಾರ್ಸಿಯ ‘ರಾಸ್ತಾ’ದಿಂದ ಬಂದದ್ದು. ವ್ಯುತ್ಪತ್ತಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಳಕೆ. ನಮ್ಮ ಮೂಲೆ ಮನೆಯ ಅಜ್ಜಿ ಬೆಳಿಗ್ಗೆ ‘ಬೀದಿ ಗುಡಿಸಿ’ ರಂಗೋಲಿ ಹಾಕುತ್ತಾರೆ, ರಾತ್ರಿ ‘ಬೀದಿ ಬಾಗಿಲು’ ಹಾಕಿಕೊಳ್ಳುತ್ತಾರೆ, ಆದರೆ ದೇವಸ್ಥಾನಕ್ಕೆ ಹೋಗಬೇಕಾದಾಗ ‘ರೋಡು ದಾಟಿಸಪ್ಪ’ ಎಂದು ಕೈ ಹಿಡಿಯುತ್ತಾರೆ. ‘ಬೀದಿ ದಾಟಿಸು’ ಎಂದು ಅವರ ಬಾಯಲ್ಲಿ ನಾನು ಕೇಳಿಲ್ಲ. ಬೀದಿ ನಾಟಕ, ಬೀದಿ ದೀಪ, ತೇರಿನ ಬೀದಿ, ಇವೆಲ್ಲ ಜನ ನಿಲ್ಲುವ, ಸೇರುವ ಜಾಗಗಳು.

ಕಾನೂನೂ ಈ ಕಡೆಗೇ ಇದೆ. 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಲ್ಲಿ ‘ಸಾರ್ವಜನಿಕ ಬೀದಿ’ ಎಂದರೆ ಗಾಡಿ ದಾರಿಯಷ್ಟೇ ಅಲ್ಲ. ಅದಕ್ಕೆ ಸೇರಿದ ಕಾಲುದಾರಿ, ಚರಂಡಿ, ಪಕ್ಕದ ಆಸ್ತಿಯ ಗಡಿಯವರೆಗಿನ ನೆಲ ಎಲ್ಲವೂ ಸೇರಿ ಬೀದಿ. ‘ಬೀದಿಯ ಅಗಲ ಇದ್ದಷ್ಟೇ ಇರುತ್ತದೆ, ಅದರೊಳಗಿನ ಪಾಲು ಬದಲಾಗುತ್ತದೆ’ ಎಂದು ಬರೆದಿದ್ದರೆ ಅಂಗಡಿಯವರು ಏಳುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ನಮ್ಮ ಊರಿನ ಹೆಸರುಗಳಲ್ಲೂ ಈ ಭೇದ ಕಾಣುತ್ತದೆ. ಬಿ.ಎಚ್. ರಸ್ತೆ ಎಂದರೆ ಬೆಂಗಳೂರು–ಹೊನ್ನಾವರ ರಸ್ತೆ: ಹೆಸರಿನಲ್ಲಿ ತುಮಕೂರೇ ಇಲ್ಲ, ಹಾದು ಹೋಗುವವನ ಕಣ್ಣಿನಿಂದ ಇಟ್ಟ ಹೆಸರು. ಈಗ ಅದರ ಬದಿಯಲ್ಲಿ ವಿಶ್ವವಿದ್ಯಾಲಯವಿದೆ, ಕಾಲೇಜುಗಳಿವೆ, ಉದ್ದಕ್ಕೂ ಅಂಗಡಿಗಳಿವೆ, ಸಾವಿರಾರು ಮಕ್ಕಳು ದಿನಾ ಇಳಿದು ನಡೆಯುತ್ತಾರೆ. ಹೆಸರು ಹೆದ್ದಾರಿಯದು, ಬದುಕು ಬೀದಿಯದು. ಮಂಡಿಪೇಟೆ, ಚಿಕ್ಕಪೇಟೆಗಳ ಹೆಸರು ಹೇಳುವುದು ಅಲ್ಲೇ ಇರುವ ವ್ಯಾಪಾರವನ್ನು, ಜನವನ್ನು.

ನನ್ನ ಸಲಹೆಗೆ ಬಂದ ಆಕ್ಷೇಪವನ್ನೂ ಹೇಳಬೇಕು. ನಿವೃತ್ತ ಮೇಷ್ಟ್ರೊಬ್ಬರು, “ಬೀದಿ ಅಂದ್ರೆ ಬೀದಿಗೆ ಬಿದ್ದ, ಬೀದಿ ಪಾಲಾದ ಅಂತ ಬರುತ್ತೆ. ಸರ್ಕಾರಿ ಕಾಗದದಲ್ಲಿ ರಸ್ತೆ ಅಂದ್ರೇನೇ ತೂಕ” ಎಂದರು. ಇದನ್ನು ತಳ್ಳಿಹಾಕಲಾರೆ. ಬಡಾವಣೆಯ ಹೊಸ ತಲೆಮಾರಿಗಂತೂ ಮೇನ್ ರೋಡು, ಕ್ರಾಸು ಎರಡೇ ಗೊತ್ತು. ಆದರೂ ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂದ ಮೇಲೆ ‘ಬೀದಿ’ ಸರ್ಕಾರಿ ಕಾಗದಗಳಲ್ಲಿ ಧಾರಾಳವಾಗಿ ಓಡಾಡುತ್ತಿದೆಯಲ್ಲ.

ಇದು ಬರೀ ಒಂದು ಮನವಿಯ ಮಾತಲ್ಲ. 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಊರಿನ ಮಹಾಯೋಜನೆಯನ್ನು (ಮಾಸ್ಟರ್ ಪ್ಲಾನ್) ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು. ಜನರ ಬಾಯಲ್ಲಿ ಅದಿನ್ನೂ ‘ಸಿಡಿಪಿ’ಯೇ (ಸಮಗ್ರ ಅಭಿವೃದ್ಧಿ ಯೋಜನೆ ಎಂಬುದರ ಇಂಗ್ಲಿಷ್ ಹೆಸರಿನ ಕಿರುರೂಪ). ಅದರಲ್ಲಿ ‘ಉದ್ದೇಶಿತ ರಸ್ತೆ, ಇಷ್ಟು ಮೀಟರ್’ ಎಂದು ಒಂದೇ ಸಂಖ್ಯೆ ಬಂದರೆ ಮುಂದೆ ಅಷ್ಟಕ್ಕೂ ಡಾಂಬರು ಬಳಿಯುವವರನ್ನು ಯಾವ ಪದ ಹಿಡಿದು ಕೇಳುವುದು?

ಚಿಕ್ಕಪುಟ್ಟ ಪದಗಳೂ ಉಳಿದಿವೆ. ಡಿವೈಡರ್ ನಡುವೆ, ಅರ್ಧ ದಾಟಿದವರು ನಿಂತು ಉಸಿರಾಡಲು ಬಿಡುವ ಜಾಗಕ್ಕೆ ‘ನಡುಗಟ್ಟೆ’ ಎಂದಿದ್ದೇನೆ. ಅರಳಿಕಟ್ಟೆ ಗೊತ್ತಿರುವವರಿಗೆ ವಿವರಿಸಬೇಕಾಗಿಲ್ಲ. ಅಜ್ಜಿಗೆ ಒಂದೇ ಸಲಕ್ಕೆ ಅರ್ಥವಾಯಿತು. ಹಂಪ್ಸಿಗೆ ಫಲಕಗಳಲ್ಲಿರುವ ‘ರಸ್ತೆ ಉಬ್ಬು’ ಸಾಕು. ಆದರೆ ಫುಟ್‌ಪಾತಿನ ಮಟ್ಟಕ್ಕೇ ಎತ್ತರಿಸಿದ, ಮೇಲೆ ಜೀಬ್ರಾ ಪಟ್ಟಿ ಬಳಿದ ಅಗಲವಾದ ಉಬ್ಬಿಗೆ ಏನನ್ನಬೇಕು? ಅಲ್ಲಿ ಇಳಿದು ಹತ್ತುವುದು ಗಾಡಿ, ಮನುಷ್ಯ ಸಮನಾಗಿ ನಡೆಯುತ್ತಾನೆ. ‘ಎತ್ತರದ ದಾಟು’ ಎಂದು ಬರೆದು ಹೊಡೆದುಹಾಕಿದೆ. ಪದೇ ಪದೇ ಅಪಘಾತವಾಗುವ ಜಾಗದ ‘ಬ್ಲ್ಯಾಕ್ ಸ್ಪಾಟ್’ ಎಂಬ ಹೆಸರನ್ನು ‘ಕಪ್ಪುಚುಕ್ಕೆ’ ಮಾಡುವುದಂತೂ ಬೇಡ, ನಮ್ಮಲ್ಲಿ ಕಪ್ಪುಚುಕ್ಕೆ ಅಂಟುವುದು ಮಾನಕ್ಕೆ. ‘ಅಪಘಾತ ವಲಯ’ ಸರಿಯಾಗಿದೆ.

ಕೋಲಾರ, ಮುಳಬಾಗಿಲು ಕಡೆಯವರು, ಮನೆಯಲ್ಲಿ ತೆಲುಗಿನ ‘ವೀಧಿ’ ಆಡುವವರು, ಕನ್ನಡದಲ್ಲಿ ಬರೆಯುವಾಗ ಬೀದಿ ಎನ್ನುತ್ತೀರೋ ರಸ್ತೆ ಎನ್ನುತ್ತೀರೋ? ‘ಓಣಿ’ಯ ಸೀಮೆಯವರಿಗೆ ಅಗಲವಾದ ಅಂಗಡಿ ಸಾಲು ಬೀದಿಯೇ? ಭಾನುವಾರ ಮನೆಮನೆಗೆ ಸಹಿ ಹಾಕಿಸಲು ಹೊರಡುತ್ತೇವೆ. ಮನವಿಯ ತಲೆಬರಹ ಸದ್ಯಕ್ಕೆ ‘ನಮ್ಮ ಬೀದಿಯ ಮರುವಿನ್ಯಾಸ’ ಎಂದಿದೆ. ಶನಿವಾರದೊಳಗೆ ತಿಳಿಸಿದರೆ ತಿದ್ದಿಕೊಳ್ಳುತ್ತೇನೆ.