ಕ್ಯಾಲ್ಸಿಯಂ 380 ಬಂದಿದೆ, ಬೂಸ್ಟರ್ ಹಾಕಲಾ?

ಪ್ರಶ್ನೆ: ಸರ್, ಉಪ್ಪುನೀರಿನ ರೀಫ್ ಟ್ಯಾಂಕ್ (ಹವಳ ಸಾಕುವ ಅಕ್ವೇರಿಯಂ) ಶುರು ಮಾಡಿ ಆರು ವಾರ ಆಯಿತು. 200 ಲೀಟರ್ ಟ್ಯಾಂಕ್, ಕಲ್ಲು ಮರಳು ಕಳೆದರೆ ನೀರು ಸುಮಾರು 170 ಲೀಟರ್. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10. ರಿಫ್ರ್ಯಾಕ್ಟೋಮೀಟರ್‌ನಲ್ಲಿ ಉಪ್ಪಿನಂಶ 35 ಪಿಪಿಟಿ (ಲೀಟರಿಗೆ ಸುಮಾರು 35 ಗ್ರಾಂ). ಆದರೆ ಕ್ಯಾಲ್ಸಿಯಂ 380, ಮೆಗ್ನೀಸಿಯಂ 1180, ಅಲ್ಕಲಿನಿಟಿ (ಕ್ಷಾರಗುಣ) 7.2 ಡಿಕೆಎಚ್ (ಅದರ ಅಳತೆ). ಮೂರನ್ನೂ ಏರಿಸುವ ಬೂಸ್ಟರ್ ತಂದಿಟ್ಟಿದ್ದೇನೆ. ಟ್ಯಾಂಕಿನಲ್ಲಿ ಇನ್ನೂ ಮೀನಿಲ್ಲ, ಹವಳವೂ ಇಲ್ಲ. ಎರಡು ಕ್ಲೌನ್, ಒಂದು ಬ್ಲೂ ಟ್ಯಾಂಗ್, ಒಂದು ಮ್ಯಾಂಡರಿನ್, ಮೂರು ಡ್ಯಾಮ್ಸೆಲ್ ಮೀನು ಹಾಕುವ ಆಸೆ. ಮರಳಿನ ಮೇಲೆ ಕಂದು ಪದರ ಬೇರೆ ಬಂದಿದೆ.

ಉತ್ತರ: ಬೂಸ್ಟರ್ ಮುಚ್ಚಳ ತೆಗೆಯಬೇಡಿ. ಟ್ಯಾಂಕಿನಲ್ಲಿ ಹವಳವೇ ಇಲ್ಲ, ಕ್ಯಾಲ್ಸಿಯಂ ತಿನ್ನುವವರು ಯಾರು? ರೀಫ್ ಉಪ್ಪನ್ನು 35ಕ್ಕೆ ಕಲಸಿದರೆ ಸಾಮಾನ್ಯವಾಗಿ ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300, ಅಲ್ಕಲಿನಿಟಿ 8ರ ಆಸುಪಾಸು ಬರುತ್ತದೆ. ನಿಮ್ಮ ಮೂರೂ ಅಂಕಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಹತ್ತನೇ ಒಂದು ಭಾಗದಷ್ಟು ಕಡಿಮೆ ಇವೆ. ಒಂದೇ ಇಳಿದಿದ್ದರೆ ಬೇರೆ ಮಾತು. ಮೂರೂ ಜೊತೆಯಾಗಿ ಇಳಿದಿವೆ ಅಂದರೆ ನನಗೆ ಮೊದಲು ಅನುಮಾನ ಬರುವುದು ಉಪ್ಪಿನ ಮೇಲೆ. ರಿಫ್ರ್ಯಾಕ್ಟೋಮೀಟರ್ ಅನ್ನು ಬರೀ ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆಗೆ ಕೂರಿಸಿದ್ದೀರಿ, ಅಲ್ವಾ? ಸೊನ್ನೆಯಲ್ಲಿ ಸರಿ ತೋರಿಸುವ ಮೀಟರ್ 35ರಲ್ಲಿ ತಪ್ಪು ತೋರಿಸಬಹುದು. 35 ಪಿಪಿಟಿ ಕ್ಯಾಲಿಬ್ರೇಷನ್ ದ್ರಾವಣದ ಎರಡು ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು ನೋಡಿ ಹೇಳಿ.

ಕಂದು ಪದರ ಬಹುಶಃ ಡಯಾಟಮ್, ಒಂದು ಬಗೆಯ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿನಲ್ಲಿ ಮಾಮೂಲಿ. ಅದು ಬೆಳೆಯಲು ಬೇಕಾದ ನೀರಿನ ಸಿಲಿಕೇಟ್ ಮುಗಿದಂತೆ ತಾನಾಗಿ ಕಡಿಮೆಯಾಗುತ್ತದೆ.

ಪ್ರಶ್ನೆ: ದ್ರಾವಣ ಹಾಕಿದರೆ 38 ತೋರಿಸುತ್ತಿದೆ ಸರ್! ಹಾಗಾದರೆ ನನ್ನ ನೀರು 32 ಅಷ್ಟೇನಾ? ಇವತ್ತೇ ಉಪ್ಪು ಹಾಕಿಬಿಡಲಾ?

ಉತ್ತರ: ಹೌದು, 32ರ ಹತ್ತಿರ. ಮೊದಲು ಆ ದ್ರಾವಣ ಇಟ್ಟೇ ಸ್ಕ್ರೂ ತಿರುಗಿಸಿ 35ಕ್ಕೆ ತನ್ನಿ. ಉಪ್ಪನ್ನು ನೇರವಾಗಿ ಟ್ಯಾಂಕಿಗೆ ಸುರಿಯಬೇಡಿ, ಕಲ್ಲಿನಲ್ಲಿರುವ ಬ್ಯಾಕ್ಟೀರಿಯಾಕ್ಕೂ ಏಟು ಬೀಳುತ್ತದೆ. ಸುಲಭದ ದಾರಿ ಇದೆ. ನೀರು ಆವಿಯಾದಾಗ ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ, ಅದಕ್ಕೇ ದಿನಾ ಸಿಹಿನೀರು ತುಂಬಿಸುತ್ತೇವೆ. ಈಗ ಕೆಲವು ದಿನ ಆ ಜಾಗಕ್ಕೆ 35ಕ್ಕೆ ಕಲಸಿದ ಉಪ್ಪುನೀರು ಹಾಕಿ. ನಿಮಗೆ ಬೇಕಾಗಿರುವುದು ಲೀಟರಿಗೆ 3 ಗ್ರಾಂ, ಒಟ್ಟು 510 ಗ್ರಾಂ. ದಿನಕ್ಕೆ 2 ಲೀಟರ್ ಆವಿಯಾದರೆ ಹೀಗೆ 70 ಗ್ರಾಂ ಸೇರುತ್ತದೆ, ಒಂದು ವಾರದ ಕೆಲಸ. 35 ಮುಟ್ಟಿದ ದಿನ ಮತ್ತೆ ಆರ್‌ಒ ನೀರಿಗೆ ಬನ್ನಿ, ಮರೆತರೆ ಉಪ್ಪು ಏರುತ್ತಲೇ ಹೋಗುತ್ತದೆ. ಅಲ್ಲಿಯವರೆಗೆ ಬಸವನಹುಳು ತರಬೇಡಿ. ಉಪ್ಪಿನ ಏರಿಳಿತ ಅವಕ್ಕೆ ಆಗಿಬರುವುದಿಲ್ಲ.

ಇನ್ನು ಮೀನು. ಬ್ಲೂ ಟ್ಯಾಂಗ್ ಬೇಡವೇ ಬೇಡ. ಅಂಗಡಿಯಲ್ಲಿ ಬೆರಳುದ್ದ ಇರುತ್ತದೆ, ಬೆಳೆದರೆ 30 ಸೆಂಟಿಮೀಟರ್, ಅದೂ ಈಜುತ್ತಲೇ ಇರುವ ಮೀನು. ಮ್ಯಾಂಡರಿನ್‌ಗೆ ದಿನವಿಡೀ ತಿನ್ನಲು ಕೋಪೆಪಾಡ್ ಎಂಬ ಪುಟ್ಟ ಜೀವಿಗಳು ಬೇಕು. ಹೊಸ ಟ್ಯಾಂಕಿನಲ್ಲಿ ಅವು ಅಷ್ಟು ಇರುವುದಿಲ್ಲ, ಪಾಪ ಹಸಿವಿನಿಂದಲೇ ಸಾಯುತ್ತದೆ. ಡ್ಯಾಮ್ಸೆಲ್ ಗಟ್ಟಿ ಮೀನು ಅಂತ ಎಲ್ಲರೂ ಮೊದಲು ಹಾಕಿಸುತ್ತಾರೆ. ಅದು ಮೂಲೆ ಹಿಡಿದು ಕೂತ ಮೇಲೆ ಹೊಸಬರನ್ನು ಬಿಟ್ಟುಕೊಳ್ಳುವುದಿಲ್ಲ, ಹಿಡಿಯೋಣ ಅಂದರೆ ಕಲ್ಲೆಲ್ಲ ಕಿತ್ತು ಹಾಕಬೇಕು. ಬೇಕೇ ಬೇಕು ಅಂದರೆ ಕೊನೆಗೆ ಒಂದು ಹಾಕಿ.

ಕ್ಲೌನ್ ಜೋಡಿಯಿಂದ ಶುರು ಮಾಡಿ. ಗಾತ್ರದಲ್ಲಿ ವ್ಯತ್ಯಾಸ ಇರುವ ಎರಡು ಮರಿ ತನ್ನಿ. ಕ್ಲೌನ್ ಮೀನುಗಳು ಮೊದಲು ಎಲ್ಲವೂ ಗಂಡೇ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಎರಡು ಮೂರು ವಾರ ಅಮೋನಿಯಾ ಸೊನ್ನೆಯಲ್ಲೇ ನಿಂತರೆ ಮಾತ್ರ ಮುಂದಿನ ಮೀನು.

ಪ್ರಶ್ನೆ: ಬೂಸ್ಟರ್ ಹಾಗಾದರೆ ವೇಸ್ಟಾ ಸರ್? ಹವಳ ಯಾವುದು ಮೊದಲು?

ಉತ್ತರ: ಇಟ್ಟುಕೊಳ್ಳಿ, ಗಟ್ಟಿ ಹವಳ ಬೆಳೆಯಲು ಶುರುವಾದ ಮೇಲೆ ಬೇಕಾಗುತ್ತದೆ. ಆಗ ದಿನಾ ಒಂದೇ ಹೊತ್ತಿಗೆ ಅಲ್ಕಲಿನಿಟಿ ಪರೀಕ್ಷೆ ಮಾಡಿ. ನಿನ್ನೆ 8.4, ಇವತ್ತು 8.1 ಬಂದರೆ ದಿನದ ಖರ್ಚು 0.3, ಅಷ್ಟನ್ನೇ ತುಂಬಿಸಿ. 170 ಲೀಟರಿಗೆ 1 ಡಿಕೆಎಚ್ ಏರಿಸಲು ಸುಮಾರು 5 ಗ್ರಾಂ ಅಡುಗೆ ಸೋಡಾ ಸಾಕು. ಕ್ಯಾಲ್ಸಿಯಂ ಮತ್ತು ಅಲ್ಕಲಿನಿಟಿ ದ್ರಾವಣಗಳನ್ನು ಒಟ್ಟಿಗೆ ಸುರಿದರೆ ಬಿಳಿ ಪುಡಿಯಾಗಿ ಕೆಳಗೆ ಕೂರುತ್ತದೆ, ನಡುವೆ ಹೊತ್ತು ಬಿಡಿ.

ಮೊದಲು ಮಶ್ರೂಮ್ ಹವಳ, ಜೋವಾಂತಿಡ್, ಎರಡೂ ಮೆತ್ತನೆಯ ಹವಳಗಳು. ಜೋವಾಂತಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಹಾಕಿ. ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಬಿಸಿನೀರಿಗೆ ಹಾಕಿ ತೊಳೆಯಲು ಹೋಗಲೇಬೇಡಿ, ಆವಿಯಲ್ಲೂ ಆ ವಿಷ ಬರುತ್ತದೆ.