ಬೇಬಿ ಕ್ಯಾರಿಯರ್‌ನಲ್ಲಿ ಐದು ವಾರದ ಮಗುವಿನ ತಲೆ ಎದೆಗೆ ಬಾಗುತ್ತಿದೆ: ಯಾವುದನ್ನು ಸರಿಪಡಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳಿಗೆ ಈಗ ಐದು ವಾರ, ತೂಕ 3.9 ಕಿಲೋ. ಅವಳನ್ನು ಎತ್ತಿಕೊಳ್ಳಲು ಬಕಲ್ ಇರುವ ಕ್ಯಾರಿಯರ್ ಬಳಸುತ್ತಿದ್ದೇನೆ. 3.2 ಕಿಲೋ ಮೇಲ್ಪಟ್ಟ ಶಿಶುಗಳಿಗೆ ಅದನ್ನು ಬಳಸಬಹುದೆಂದು ಕೈಪಿಡಿಯಲ್ಲಿದೆ. ಕೂರಿಸಿದಾಗ ಸರಿಯಾಗಿಯೇ ಇರುತ್ತಾಳೆ; ಸ್ವಲ್ಪ ಹೊತ್ತು ಓಡಾಡಿದ ಮೇಲೆ ಕೆಳಕ್ಕೆ ಜಾರಿ, ಗದ್ದ ಎದೆಗೆ ತಾಗುವಂತೆ ತಲೆ ಮುಂದಕ್ಕೆ ಬಾಗುತ್ತದೆ. ನನಗೂ ಬೆನ್ನು, ಕತ್ತು ನೋಯುತ್ತವೆ. ಮಗುವಿನ ಕತ್ತಿನ ಹಿಂದೆ ಟವೆಲ್ ಮಡಚಿ ಇಡು ಎಂದು ಅತ್ತೆಯವರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ? ಹೆರಿಗೆ ಸಿಸೇರಿಯನ್ ಆದದ್ದರಿಂದ ಸೊಂಟದ ಪಟ್ಟಿಯನ್ನು ಬಿಗಿಯಲು ನನಗೆ ಭಯ.

ಉತ್ತರ

ದಯವಿಟ್ಟು ಟವೆಲ್ ಇಡಬೇಡಿ. ಕತ್ತಿನ ಹಿಂದಿನಿಂದ ಒತ್ತು ಕೊಟ್ಟಷ್ಟೂ ತಲೆ ಇನ್ನಷ್ಟು ಮುಂದಕ್ಕೆ ಹೋಗುತ್ತದೆ. ಗದ್ದ ಎದೆಗೆ ತಾಗಿದ್ದು ಕಂಡ ಕೂಡಲೇ, ಮಗು ಎಷ್ಟೇ ಸುಖವಾಗಿ ನಿದ್ರಿಸುತ್ತಿದ್ದರೂ, ತಲೆಯನ್ನು ಎತ್ತಿ ಸರಿಪಡಿಸಿ. ಮತ್ತೆ ಬಾಗಿದರೆ ಹೊರಗೆ ತೆಗೆಯಿರಿ. ಈ ವಯಸ್ಸಿನಲ್ಲಿ ಶ್ವಾಸನಾಳ ಕಿರಿದಾಗಿ, ಮೆದುವಾಗಿರುತ್ತದೆ. ಕತ್ತಿಗೆ ತಲೆಯ ಭಾರ ಹೊರುವ ಬಲ ಬಂದಿರುವುದಿಲ್ಲ. ಆದ್ದರಿಂದ ಗದ್ದ ಮಡಚಿಕೊಂಡಾಗ ಉಸಿರಿನ ದಾರಿ ಸದ್ದಿಲ್ಲದೆ ಮುಚ್ಚಿಹೋಗಬಹುದು, ಅತ್ತು ಎಚ್ಚರಿಸಲೂ ಮಗುವಿಗೆ ಆಗದು. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2010ರ ಮಾರ್ಚ್‌ನಲ್ಲಿ ಸ್ಲಿಂಗ್‌ಗಳ (ಮಗುವನ್ನು ಜೋಲಿಯಂತೆ ಮೈಗೆ ಕಟ್ಟಿಕೊಳ್ಳುವ ಬಟ್ಟೆಗಳ) ಬಗ್ಗೆ ಎಚ್ಚರಿಕೆ ಹೊರಡಿಸಿದಾಗ, ಹಿಂದಿನ 20 ವರ್ಷಗಳಲ್ಲಿ ಅದರ ಗಮನಕ್ಕೆ ಬಂದಿದ್ದ 14 ಸಾವುಗಳಲ್ಲಿ 12 ನಾಲ್ಕು ತಿಂಗಳೊಳಗಿನ ಶಿಶುಗಳದ್ದಾಗಿದ್ದವು.

ನಿಮ್ಮ ವಿವರಣೆಯಲ್ಲಿ ಮುಖ್ಯವಾದ ಸುಳಿವು ‘ಕೆಳಕ್ಕೆ ಜಾರಿ’ ಎಂಬುದು. ತಲೆ ಬಾಗುತ್ತಿರುವುದು ಕತ್ತಿನ ಬಳಿ ಆಧಾರ ಸಾಲದೆ ಅಲ್ಲ. ಕೆಳಗೆ ಪೃಷ್ಠ ಸರಿಯಾಗಿ ಕೂರದೆ, ಬೆನ್ನಿನ ಬಟ್ಟೆ ಸಡಿಲವಾಗಿ, ಇಡೀ ಮೈ ಕುಸಿಯುತ್ತಿದೆ. ಹಾಗಾಗಿ ದುರಸ್ತಿ ಕೆಳಗಿನಿಂದ ಶುರುವಾಗಬೇಕು. ಸೊಂಟದ ಪಟ್ಟಿಯನ್ನು ಈಗಿರುವುದಕ್ಕಿಂತ ಮೇಲಕ್ಕೆ ಕಟ್ಟಿ. ಮಗುವನ್ನು ಕೂರಿಸಿದ ಮೇಲೆ ಎರಡೂ ಮಂಡಿಗಳ ಹಿಂದೆ ಕೈಯಿಟ್ಟು ನಿಧಾನವಾಗಿ ಮೇಲೆತ್ತಿದರೆ, ಪೃಷ್ಠ ತಾನಾಗಿ ಬಟ್ಟೆಯ ಆಳಕ್ಕೆ ಇಳಿದು, ಮಂಡಿಗಳು ಅದಕ್ಕಿಂತ ತುಸು ಎತ್ತರದಲ್ಲಿ, ಕಪ್ಪೆ ಕುಳಿತ ಹಾಗೆ ನಿಲ್ಲುತ್ತವೆ. ಅಂತರರಾಷ್ಟ್ರೀಯ ಹಿಪ್ ಡಿಸ್‌ಪ್ಲೇಸಿಯಾ (ಸೊಂಟದ ಕೀಲು ಸರಿಯಾಗಿ ಬೆಳೆಯದ ತೊಂದರೆ) ಸಂಸ್ಥೆಯೂ ತೊಡೆಗಳಿಗೆ ಆಧಾರವಿರುವ ಈ ಭಂಗಿಯನ್ನೇ ಸೊಂಟದ ಕೀಲುಗಳಿಗೆ ಒಳ್ಳೆಯದೆನ್ನುತ್ತದೆ. (ಎಣ್ಣೆ ನೀರು ಹಾಕಿದ ಮೇಲೆ ಕಾಲುಗಳನ್ನು ನೇರ ಮಾಡಿ ಬಿಗಿಯಾಗಿ ಸುತ್ತುವ ರೂಢಿ ನಿಮ್ಮ ಮನೆಯಲ್ಲಿದ್ದರೆ, ಇದೇ ಕಾರಣಕ್ಕೆ ಅದನ್ನು ಬಿಡುವುದು ಉತ್ತಮ.) ಮಂಡಿಗಳ ನಡುವಿನ ಬಟ್ಟೆ ಕಾಲುಗಳನ್ನು ಬಲವಂತವಾಗಿ ಅಗಲಿಸುವಷ್ಟು ವಿಶಾಲವಾಗಿದ್ದರೆ, ನವಜಾತ ಶಿಶುವಿಗೆಂದು ಕೊಟ್ಟಿರುವ ಅಳತೆಗೆ ಕಿರಿದುಗೊಳಿಸಿ.

ಆಮೇಲೆ ಭುಜದ ಪಟ್ಟಿಗಳನ್ನು ಎಳೆದು ಬಿಗಿಗೊಳಿಸಿ, ಮಗುವಿನ ಬೆನ್ನಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಒತ್ತಿ. ಮಗು ನಿಮ್ಮತ್ತ ಇನ್ನೂ ಸರಿದರೆ ಅಥವಾ ಅದರ ಬೆನ್ನು ನೇರವಾದರೆ, ಅಷ್ಟು ಸಡಿಲ ಉಳಿದಿದೆ ಎಂದೇ ಅರ್ಥ. ತಲೆ ಬಗ್ಗಿಸಿದರೆ ನೆತ್ತಿಗೆ ಮುತ್ತಿಡುವಷ್ಟು ಎತ್ತರ, ಗದ್ದದ ಕೆಳಗೆ ಒಂದು ಬೆರಳು ತೂರುವಷ್ಟು ಜಾಗ, ಮೂಗು ಬಾಯಿ ಸದಾ ಕಣ್ಣಿಗೆ ಬೀಳುವ ಹಾಗೆ ಪಕ್ಕಕ್ಕೆ ತಿರುಗಿದ ಮುಖ, ಇಷ್ಟನ್ನು ಪ್ರತಿ ಸಲ ನೋಡಿಕೊಳ್ಳಿ. ಮಗು ಕೆಳಗೆ ತೂಗುವಾಗ ಭಾರ ನಿಮ್ಮನ್ನು ಮುಂದಕ್ಕೆ ಎಳೆಯುತ್ತದೆ; ಮೇಲಕ್ಕೆ, ಮೈಗೆ ಹತ್ತಿರ ಬಂದರೆ ನಿಮ್ಮ ಬೆನ್ನುನೋವೂ ಕಡಿಮೆಯಾಗಬೇಕು. ಕತ್ತು ನೋಯುತ್ತಿದ್ದರೆ ಬೆನ್ನ ಮೇಲಿನ ಅಡ್ಡಪಟ್ಟಿಯನ್ನು ಕತ್ತಿನ ಬುಡದಿಂದ ಭುಜದೆಲುಬುಗಳ ನಡುವಿಗೆ ಇಳಿಸಿ.

ಪ್ರಶ್ನೆ ಕೇಳಿದವರು

ಹೇಳಿದಂತೆ ಮಾಡಿದೆ, ತುಂಬ ಧನ್ಯವಾದಗಳು. ಈಗ ಜಾರುತ್ತಿಲ್ಲ, ಗದ್ದವೂ ಮೇಲಿದೆ. ಆದರೆ ಇಷ್ಟು ಎಳೆಗೂಸನ್ನು ನೆಟ್ಟಗೆ ಇಟ್ಟುಕೊಂಡರೆ ಬೆನ್ನುಮೂಳೆಗೆ ತೊಂದರೆ ಎಂದು ಅತ್ತೆಯವರ ಆತಂಕ. ಹೊಲಿಗೆಯ ಬಗ್ಗೆಯೂ ತಿಳಿಸಿ. ಅದರಲ್ಲೇ ಹಾಲು ಕುಡಿಸಬಹುದೇ?

ಇನ್ನೊಬ್ಬರ ಉತ್ತರ

ಅತ್ತೆಯವರ ಕಾಳಜಿ ಸಹಜವಾದದ್ದೇ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಆರಂಭವಾದ ಕಾಂಗರೂ ಆರೈಕೆಯಲ್ಲಿ ಇದಕ್ಕಿಂತ ಎಷ್ಟೋ ಚಿಕ್ಕ ಶಿಶುಗಳನ್ನು ಎದೆಯ ಮೇಲೆ ನೆಟ್ಟಗೇ ಕಟ್ಟುತ್ತಾರೆ, ನಮ್ಮ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲೂ ಅದು ನಡೆದಿದೆ ಎಂದು ಅವರಿಗೆ ತಿಳಿಸಿ. ಅಲ್ಲಿಯೂ ತಲೆ ಒಂದು ಪಕ್ಕಕ್ಕೆ ತಿರುಗಿ ತುಸು ಹಿಂದಕ್ಕೆ ವಾಲಿರುತ್ತದೆ, ಬಟ್ಟೆಯ ಮೇಲಂಚು ಕಿವಿಯ ಕೆಳಗೇ ನಿಲ್ಲುತ್ತದೆ. ಬೆನ್ನಿಗೆ ಪೂರ್ತಿ ಆಧಾರವಿದ್ದು, ಅದರ ಸಹಜ ಬಾಗು ಉಳಿದಿದ್ದರೆ ಸಾಕು. ಮಗು ಅವಧಿಗೆ ಮುನ್ನ ಹುಟ್ಟಿದ್ದರೆ ಅಥವಾ ಉಸಿರಾಟದ ತೊಂದರೆಯಿದ್ದರೆ ಮಾತ್ರ ಮಕ್ಕಳ ವೈದ್ಯರನ್ನು ಕೇಳದೆ ಕ್ಯಾರಿಯರ್ ಬಳಸಬಾರದು.

ಪಟ್ಟಿ ಹೊಲಿಗೆಯ ಮೇಲೆ ಕೂರದೆ, ಅದಕ್ಕಿಂತ ಸಾಕಷ್ಟು ಮೇಲೆ ಬರಬೇಕು. ಆದರೂ ನೋವು ಅಥವಾ ಎಳೆತ ಅನ್ನಿಸಿದರೆ ಸಹಿಸಿಕೊಳ್ಳಬೇಡಿ. ಸೊಂಟದ ಪಟ್ಟಿಯೇ ಇಲ್ಲದ, ಹಿಗ್ಗುವ ಬಟ್ಟೆಯ ರ‍್ಯಾಪ್ ಬಳಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅಡುಗೆ ಮಾಡುವಾಗ, ಬಿಸಿ ಕಾಫಿ ಕುಡಿಯುವಾಗ, ಸ್ಕೂಟರಿನಲ್ಲಿ ಹೋಗುವಾಗ ಯಾವ ಕ್ಯಾರಿಯರೂ ಬೇಡ. ಸೆಕೆಯಲ್ಲಿ ಕ್ಯಾರಿಯರ್‌ನ ಬಟ್ಟೆಯೂ ಮಗುವಿಗೆ ಒಂದು ಪದರ ಉಡುಪೇ ಆಗುವುದರಿಂದ, ಒಳಗೆ ತೆಳುವಾದ ಹತ್ತಿಯ ಅಂಗಿ ಸಾಕು.

ಹಾಲು ಕುಡಿಸುವುದಕ್ಕೆ, ಸದ್ಯಕ್ಕೆ, ಹೊರಗೆ ತೆಗೆದುಕೊಳ್ಳುವುದೇ ಸುರಕ್ಷಿತ. ಮುಂದೆ ಅಭ್ಯಾಸವಾದ ಮೇಲೆ ಪಟ್ಟಿ ಸಡಿಲಿಸಿ ಮಗುವನ್ನು ಕೆಳಗಿಳಿಸಿ ಕುಡಿಸಿದರೂ, ಮೂಗು ಎದೆಗೆ ಒತ್ತಿಹೋಗದಂತೆ ಕಣ್ಣಿಟ್ಟಿರಬೇಕು. ಕುಡಿದು ಮುಗಿದ ಕೂಡಲೇ ಮತ್ತೆ ಮೊದಲಿನ ಎತ್ತರಕ್ಕೆ ತಂದು ಬಿಗಿದುಕೊಳ್ಳಬೇಕು.