ತುರ್ತು: ಇಂಗ್ಲೆಂಡಿನ ‘ಬಂಗಲೋ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ (ಮೈಸೂರಿನಿಂದ, ಅನುವಾದಕಿ)

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಥೆ ನಡೆಯುವುದು ಇಂಗ್ಲೆಂಡಿನ ಕೆಂಟ್ ಕರಾವಳಿಯಲ್ಲಿ. ವಯಸ್ಸಾದ ಗಂಡ ಹೆಂಡತಿ, ಗಂಡನಿಗೆ ಮಂಡಿನೋವು. ಊರೊಳಗಿನ ಎರಡಂತಸ್ತಿನ ಮನೆ ಮಾರಿ, ಸಮುದ್ರದ ಹತ್ತಿರ ಒಂದು ‘ಬಂಗಲೋ’ ಕೊಳ್ಳುತ್ತಾರೆ. ನಾನು ‘ಮನೆ ಮಾರಿ ಬಂಗಲೆ ಕೊಂಡರು’ ಅಂತ ಬರೆದಿದ್ದೆ. ಕರಡು ಓದಿದ ನಮ್ಮತ್ತೆ ‘ಇವರಿಗೆ ಅಷ್ಟು ದುಡ್ಡು ಎಲ್ಲಿಂದ ಬಂತು?’ ಅಂತ ಕೇಳಿದರು. ಮೂಲದಲ್ಲಿ ಆ ಇಬ್ಬರು ಇದ್ದಿದ್ದನ್ನು ಕಡಿಮೆ ಮಾಡಿಕೊಂಡು ಹೋಗುವವರು. ಅರ್ಥ ಪೂರ್ತಿ ತಿರುಗಿಬಿಟ್ಟಿದೆ.

ಸೋಮವಾರ ಪುಟ ಮುದ್ರಣಕ್ಕೆ ಹೋಗಬೇಕು. ಪದ ಮತ್ತೆ ಮತ್ತೆ ಬರುವುದರಿಂದ ಒಂದೇ ಪದ ಸಿಕ್ಕಿದರೆ ಒಳ್ಳೆಯದು.

ಉತ್ತರ (ಜಯನಗರದಿಂದ)

ನೆಲಮನೆ. ನೆಲದ ಮೇಲೆ ಕೂತ ಮನೆ, ಮೇಲೆ ಮಹಡಿ ಇಲ್ಲ. ಎರಡೂ ಅಚ್ಚಗನ್ನಡ. ‘ಬಂಗಲೆ’ ಇಂಗ್ಲಿಷಿನದು, ನಮಗೆ ಬೇಡ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಉತ್ತರ (ಶಿವಮೊಗ್ಗದಿಂದ)

ಚರ್ಚೆಗೆ ಬೇಕಾದಷ್ಟು ಇದೆ. ‘ನೆಲಮನೆ’ ಅಂದ ತಕ್ಷಣ ಓದುಗರ ತಲೆಗೆ ಬರುವುದು ನೆಲಮಾಳಿಗೆ. ಮಂಡಿನೋವಿನ ಮುದುಕರನ್ನು ಮೆಟ್ಟಿಲಿಳಿಸಿ ನೆಲದಡಿಯಲ್ಲಿ ಕೂರಿಸಿದ ಹಾಗಾಗುತ್ತದೆ. ಈ ಪದ ನಡೆಯುವುದಿಲ್ಲ.

ಎರಡನೆಯದು, ‘ಬಂಗಲೆ’ ಇಂಗ್ಲಿಷಿನದು ಅನ್ನುವ ಮಾತು. ಇದನ್ನು ಕೇಳಿ ಕೇಳಿ ಸಾಕಾಗಿದೆ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಇಂಗ್ಲಿಷಿನಿಂದ ಬಂದಿದ್ದರೆ ಅದು ಓಕಾರದಲ್ಲೇ ನಿಲ್ಲುತ್ತಿತ್ತು. ರೇಡಿಯೋ, ಫೋಟೋ, ಕಿಲೋ ಎಲ್ಲ ಹಾಗೇ ನಿಂತಿವೆ. ಕೊನೆಯ ಓಕಾರವನ್ನು ಕನ್ನಡ ಎಕಾರ ಮಾಡುವುದಿಲ್ಲ. ಎಕಾರ ಆಗುವುದು ಆಕಾರ. ಶಾಲಾ ಹೋಗಿ ಶಾಲೆ, ಮಾಲಾ ಹೋಗಿ ಮಾಲೆ, ಸೀತಾ ಹೋಗಿ ಸೀತೆ. ಸಂಸ್ಕೃತದ ಪದಕ್ಕೆ ಮಾಡಿದ್ದನ್ನೇ ನಮ್ಮವರು ಹಿಂದೂಸ್ತಾನಿ, ಮರಾಠಿ ಪದಗಳಿಗೂ ಮಾಡಿದರು. ಜಿಲ್ಲೆ, ಖಜಾನೆ, ನಮೂನೆ, ದವಾಖಾನೆ. ಅದೇ ಸಾಲಿನಲ್ಲಿ ಬಂಗ್ಲಾ ನಮ್ಮಲ್ಲಿ ಬಂಗಲೆ ಆಯಿತು. ಅಕ್ಕಪಕ್ಕದ ಭಾಷೆಗಳನ್ನೂ ನೋಡಿ. ಮರಾಠಿಯಲ್ಲಿ ಬಂಗಲಾ, ತೆಲುಗು ತಮಿಳಿನಲ್ಲಿ ಬಂಗಳಾ, ಮಲಯಾಳದಲ್ಲಿ ಬಂಗ್ಲಾವು. ಓಕಾರ ಯಾರ ಬಾಯಲ್ಲೂ ಇಲ್ಲ. ಅದು ಇಂಗ್ಲಿಷರ ಬಾಯಲ್ಲಿ ಮಾತ್ರ ಇರುವುದು.

ಬಂಗ್ಲಾ ಅಂದರೆ ಬಂಗಾಳದ್ದು, ಅಷ್ಟೇ. ಬಂಗಾಳದ ಹಳ್ಳಿಯ ಗುಡಿಸಲಿಗೆ ಹೊರಗಿನವರು ಇಟ್ಟ ಹೆಸರು. ಆ ಗುಡಿಸಲಿನ ಗುರುತು ಸೂರು. ಬಿದಿರನ್ನು ಬಗ್ಗಿಸಿ ಕಟ್ಟುತ್ತಿದ್ದರು, ಹಾಗಾಗಿ ಸೂರಿನ ಅಂಚು ನಡುವೆ ಎತ್ತರವಾಗಿ ಎರಡು ತುದಿಗೂ ಇಳಿಯುತ್ತಿತ್ತು. ಅಲ್ಲಿಯ ಮಳೆಗೆ ಅದು ಸರಿಯಾದ ಸೂರು. ಆ ಆಕಾರ ಎಷ್ಟು ಹಿಡಿಸಿತು ಅಂದರೆ ಬಿಷ್ಣುಪುರದ ಮಲ್ಲ ಅರಸರು 1655ರಲ್ಲಿ ಅಂಥ ಎರಡು ಗುಡಿಸಲುಗಳನ್ನು ಜೋಡಿಸಿದ ಹಾಗೆ ಇಟ್ಟಿಗೆಯಲ್ಲಿ ದೇವಸ್ಥಾನ ಕಟ್ಟಿಸಿದರು. ಅದರ ಹೆಸರೇ ಜೋಡ್ ಬಂಗ್ಲಾ. ಗೋಡೆ ತುಂಬ ಸುಟ್ಟ ಮಣ್ಣಿನ ಕೆತ್ತನೆ, ಮೇಲೆ ಹುಲ್ಲಿನ ಸೂರಿನದೇ ಬಾಗು. ಅದಕ್ಕೂ ಸ್ವಲ್ಪ ಮೊದಲೇ ಷಾಜಹಾನ್ ಆಗ್ರಾ ಕೋಟೆಯಲ್ಲಿ ಅದೇ ಬಾಗಿದ ಸೂರಿನ ಮಂಟಪಗಳನ್ನು ಕಟ್ಟಿಸಿದ್ದ.

ಇಂಗ್ಲಿಷರಿಗೆ ಈ ಪದ ಸಿಕ್ಕಿದ್ದು ಹೂಗ್ಲಿ ನದಿಯ ದಡದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ 1676ರ ದಾಖಲೆಯಲ್ಲಿ ‘ಬಂಗಲೆಗಳು ಇಲ್ಲವೇ ಗುಡಿಸಲುಗಳು’ ಅಂತ ಎರಡನ್ನೂ ಪಕ್ಕಪಕ್ಕ ಬರೆದಿದ್ದಾರೆ. ಕಂಪನಿಯ ದೋಣಿ ಹಡಗುಗಳ ಜನಕ್ಕೆ ತಂಗಲು ಎಬ್ಬಿಸಿದ ಸೂರುಗಳು ಅವು. ಅಂದರೆ ಇಂಗ್ಲಿಷಿನಲ್ಲಿ ಹುಟ್ಟಿದಾಗ ಈ ಪದದ ಅರ್ಥ ಗುಡಿಸಲು. ಅದನ್ನು ಮರೆತು ಇಂಗ್ಲಿಷರ ಪದ ಅಂತ ತಿರಸ್ಕಾರ ಮಾಡುವುದು ತಪ್ಪು.

ಉತ್ತರ (ಬೆಂಗಳೂರು, ಮಲ್ಲೇಶ್ವರದಿಂದ)

ಇಂಗ್ಲಿಷರು ಬೆಂಗಳೂರಿನ ದಂಡಿನಲ್ಲಿ ಅಷ್ಟೊಂದು ಬಂಗಲೆ ಕಟ್ಟಿದರಲ್ಲ. ಬ್ಯಾಂಗಲೋರ್, ಬಂಗಲೋ, ಕೇಳುವುದಕ್ಕೆ ಒಂದೇ ಥರ ಇವೆ. ನಮ್ಮೂರಿನ ಹೆಸರಿನಿಂದಲೇ ಬಂದಿರಬಹುದು ಅಲ್ವಾ?

ಉತ್ತರ (ಶಿವಮೊಗ್ಗದಿಂದ)

ಇಲ್ಲ. ದಂಡು ಶುರುವಾಗಿದ್ದು 1809ರ ಹೊತ್ತಿಗೆ. ಪದ ಅದಕ್ಕಿಂತ ನೂರು ವರ್ಷಕ್ಕೂ ಹಿಂದೆಯೇ ಹೂಗ್ಲಿಯಲ್ಲಿತ್ತು. ಬೆಂಗಳೂರು ಅನ್ನುವ ಹೆಸರು ಬೇಗೂರಿನ ಒಂಬತ್ತನೇ ಶತಮಾನದ ಶಾಸನದಲ್ಲಿದೆ. ಅದಕ್ಕೂ ಬಂಗಾಳಕ್ಕೂ ಸಂಬಂಧವಿಲ್ಲ. ಕಿವಿಗೆ ಒಂದೇ ಥರ ಕೇಳಿತು ಅಂತ ಮೂಲ ಕಟ್ಟಬೇಡಿ.

ಉತ್ತರ (ಚಿಕ್ಕಮಗಳೂರಿನಿಂದ)

ಗುಡಿಸಲು ಅಂತ ಶುರುವಾದ ಪದ ದೊಡ್ಡ ಮನೆ ಹೇಗಾಯಿತು ಅನ್ನುವುದಕ್ಕೆ ನಮ್ಮ ಕಡೆಯ ಕಾಫಿ ತೋಟ ನೋಡಿದರೆ ಸಾಕು. ಹಳೇ ಎಸ್ಟೇಟ್ ಬಂಗ್ಲೆಗಳಿಗೆ ಸಾಮಾನ್ಯವಾಗಿ ಮಹಡಿ ಇರುವುದಿಲ್ಲ. ಹಂಚಿನ ಸೂರು, ಮುಂದುಗಡೆ ಅಗಲವಾದ ವರಾಂಡ, ಎತ್ತರದ ಅಡಿಪಾಯ. ಮೇಲೆ ಏನೂ ಇಲ್ಲದಿದ್ದರೂ ಅದು ಬಂಗ್ಲೆಯೇ. ಯಾಕಂದರೆ ಒಳಗೆ ದೊರೆ ಇರುತ್ತಿದ್ದ. ಆಳುಗಳು ಇರುವುದು ಲೈನ್ ಮನೆಯಲ್ಲಿ: ಒಂದೇ ಸೂರಿನಡಿ ಸಾಲಾಗಿ ಒಂದೊಂದು ಕೋಣೆ. ಅದೂ ಮಹಡಿ ಇಲ್ಲದ್ದೇ. ಅದನ್ನು ಯಾರೂ ಬಂಗ್ಲೆ ಅನ್ನುವುದಿಲ್ಲ. ‘ಬಂಗ್ಲೆ ಕೆಲಸ’ ಅಂದರೆ ಒಡೆಯರ ಮನೆಯೊಳಗಿನ ಕೆಲಸ, ‘ತೋಟದ ಕೆಲಸ’ ಬೇರೆ. ಕಟ್ಟಡ ಹೇಗಿದೆ ಅನ್ನುವುದಕ್ಕೆ ಇಟ್ಟ ಹೆಸರು, ಒಳಗೆ ಯಾರಿದ್ದಾರೆ ಅನ್ನುವುದಕ್ಕೆ ಹೊರಳಿತು.

ಉತ್ತರ (ಶಿವಮೊಗ್ಗದಿಂದ)

ಚಿಕ್ಕಮಗಳೂರಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಮೇಡಂ ಅವರ ತೊಡಕು ಇರುವುದೂ ಇಲ್ಲೇ. 1886ರ ಹಾಬ್ಸನ್-ಜಾಬ್ಸನ್ ನಿಘಂಟು ಬಂಗಲೋವನ್ನು ಹೇಗೆ ವಿವರಿಸುತ್ತದೆ ಗೊತ್ತಾ? ಭಾರತದ ಒಳನಾಡಿನಲ್ಲಿ ಯುರೋಪಿನವರು ವಾಸಿಸುವ ಒಂದಂತಸ್ತಿನ ಮನೆ ಅಂತ. ಅದರಲ್ಲಿ ಎರಡು ಮಾತಿವೆ: ಒಂದಂತಸ್ತು, ಮತ್ತು ಯುರೋಪಿನವರು. ನಾವು ಎರಡನೆಯದನ್ನು ಹಿಡಿದುಕೊಂಡೆವು. ಸಾಹೇಬರ ಮನೆ, ಆಮೇಲೆ ಕಲೆಕ್ಟರ್ ಬಂಗ್ಲೆ, ಡಿಸಿ ಬಂಗ್ಲೆ, ಎಸ್ಪಿ ಬಂಗ್ಲೆ, ಕೊನೆಗೆ ಸಿನಿಮಾದವರ ಬಂಗಲೆ. ಎಷ್ಟು ಅಂತಸ್ತು ಅಂತ ಕೇಳುವವರೇ ಇಲ್ಲ.

ಇಂಗ್ಲೆಂಡಿನವರು ಮೊದಲನೆಯದನ್ನು ಹಿಡಿದುಕೊಂಡರು. ಅಲ್ಲಿ ಆ ಹೆಸರಿನ ಮೊದಲ ಮನೆಗಳು ಎದ್ದಿದ್ದು 1870ರ ಆಸುಪಾಸಿನಲ್ಲಿ, ಕೆಂಟ್ ಕರಾವಳಿಯ ವೆಸ್ಟ್‌ಗೇಟ್ ಮತ್ತು ಬರ್ಚಿಂಗ್ಟನ್‌ನಲ್ಲಿ. ಅಂದರೆ ಮೇಡಂ ಅವರ ಕಾದಂಬರಿಯ ಕರಾವಳಿಯಲ್ಲೇ. ಆಗ ಅವು ಉಳ್ಳವರು ಗಾಳಿ ಬದಲಾವಣೆಗೆ ಹೋಗುವ ಮನೆಗಳು. ಕವಿ, ಚಿತ್ರಕಾರ ರೊಸೆಟ್ಟಿ ಕಾಯಿಲೆ ಬಿದ್ದು ಹೋಗಿದ್ದು ಬರ್ಚಿಂಗ್ಟನ್‌ನ ಇಂಥದ್ದೇ ಒಂದು ಮನೆಗೆ. 1882ರಲ್ಲಿ ತೀರಿಕೊಂಡಿದ್ದೂ ಅಲ್ಲೇ. ಇಪ್ಪತ್ತನೇ ಶತಮಾನದಲ್ಲಿ ಸಾಮಾನ್ಯ ಜನರೂ ಇಂಥ ಮನೆ ಕಟ್ಟಿಕೊಂಡರು. ಮಹಡಿ ಇಲ್ಲ, ಮೆಟ್ಟಿಲಿಲ್ಲ, ವಯಸ್ಸಾದವರಿಗೆ ಅನುಕೂಲ. ಇವತ್ತು ಅಲ್ಲಿ ಬಂಗಲೋ ಅಂದರೆ ಅದೇ.

ಸಿಂಗಪುರದಲ್ಲಿ ಮತ್ತೆ ತಿರುವುಮುರುವು. ಅಲ್ಲಿ ‘ಗುಡ್ ಕ್ಲಾಸ್ ಬಂಗಲೋ’ ಅನ್ನಿಸಿಕೊಳ್ಳಲು ಕಮ್ಮಿ ಅಂದರೂ 1,400 ಚದರ ಮೀಟರ್ ನಿವೇಶನ ಇರಬೇಕು. ದೊಡ್ಡ ಶ್ರೀಮಂತರಿಗೆ ಮಾತ್ರ ಎಟುಕುವಂಥದ್ದು.

ಹಾಗಾಗಿ ನಮ್ಮ ‘ಬಂಗಲೆ’ ಮತ್ತು ಅವರ ‘ಬಂಗಲೋ’ ಒಂದೇ ತಾಯಿಯ ಮಕ್ಕಳು, ಆದರೆ ಈಗ ಬೇರೆ ಬೇರೆ ಪದಗಳು. ಒಂದಕ್ಕೆ ಇನ್ನೊಂದನ್ನು ಇಡುವ ಹಾಗಿಲ್ಲ. ಮೇಡಂ, ‘ಮಹಡಿ ಇಲ್ಲದ ಮನೆ’ ಅನ್ನಿ. ‘ಒಂದಂತಸ್ತಿನ ಮನೆ’ಯೂ ಆಗುತ್ತದೆ, ಆದರೆ ‘ಒಂದು ಮಹಡಿ ಮನೆ’ ಅಂತ ಮಾತ್ರ ಬರೆಯಬೇಡಿ. ನಮ್ಮ ಜನ ಅದನ್ನು ಕೆಳಗೊಂದು ಮೇಲೊಂದು ಅಂತಲೇ ಓದುತ್ತಾರೆ. ಮಂಡಿನೋವಿನ ಕಥೆ ಅಲ್ಲಿಗೆ ಕೆಡುತ್ತದೆ.

ಉತ್ತರ (ಜಯನಗರದಿಂದ)

ಇಷ್ಟು ಉದ್ದ ಬರೆದು ನೀವು ಕೊನೆಗೆ ಕೊಟ್ಟಿದ್ದು ಪದವಲ್ಲ, ವಿವರಣೆ. ಮೂರು ಪದ ಸೇರಿಸಿದರೆ ಅದು ಹೆಸರಾಗುವುದಿಲ್ಲ. ಕನ್ನಡದಲ್ಲಿ ಹೊಸ ಪದ ಕಟ್ಟಲು ಬರುವುದಿಲ್ಲ ಅನ್ನುವ ಕೀಳರಿಮೆ ಇದು. ಹಿಂದೂಸ್ತಾನಿಯಿಂದ ಬಂದರೂ ಎರವಲು ಎರವಲೇ. ಇಂಗ್ಲಿಷ್ ಅಲ್ಲ ಅಂತ ಸಾಬೀತು ಮಾಡಿದರೆ ಅದು ಕನ್ನಡ ಆಗಿಬಿಡುತ್ತದೆಯೇ?

ಉತ್ತರ (ಧಾರವಾಡದಿಂದ)

ಜಯನಗರದವರಿಗೆ ಒಂದು ಮಾತು. ಎರವಲು ಬೇಡ ಅಂತ ಬೋರ್ಡ್ ಬದಲಾಯಿಸಿದ ಕಥೆ ನಮ್ಮ ಕಣ್ಣ ಮುಂದೇ ಇದೆ. ಟ್ರಾವೆಲರ್ಸ್ ಬಂಗಲೋ ಹೋಗಿ ‘ಪ್ರವಾಸಿ ಮಂದಿರ’ ಆಯಿತು. ಇನ್‌ಸ್ಪೆಕ್ಷನ್ ಬಂಗಲೋ ಹೋಗಿ ‘ಪರಿವೀಕ್ಷಣಾ ಮಂದಿರ’ ಆಯಿತು. ಯಾವ ತಾಲ್ಲೂಕಿಗೆ ಹೋದರೂ ಬೋರ್ಡ್ ಇದೆ. ಆಟೋದವನಿಗೆ ‘ಪರಿವೀಕ್ಷಣಾ ಮಂದಿರಕ್ಕೆ ಹೋಗಪ್ಪ’ ಅಂತ ಹೇಳಿ ನೋಡಿ. ‘ಐಬಿನಾ ಸರ?’ ಅಂತ ಅವನೇ ಕೇಳುತ್ತಾನೆ. ಬಂಗಲೆ ತೆಗೆದು ಮಂದಿರ ತಂದರು, ಆದರೆ ಮಂದಿರವೂ ಎರವಲೇ. ಪ್ರವಾಸಿ ಎರವಲು, ಪರಿವೀಕ್ಷಣೆ ಎರವಲು. ಜನರ ಬಾಯಲ್ಲಿ ಉಳಿದಿದ್ದು ಇಂಗ್ಲಿಷಿನ ಎರಡು ಅಕ್ಷರ.

ಉತ್ತರ (ಜಯನಗರದಿಂದ)

ಅದನ್ನೇ ನಾನೂ ಹೇಳುವುದು. ಸಂಸ್ಕೃತ ತುಂಬಿದ್ದಕ್ಕೇ ಅದು ನಿಲ್ಲಲಿಲ್ಲ. ‘ತಂಗುಮನೆ’ ಅಂದಿದ್ದರೆ ನಿಲ್ಲುತ್ತಿತ್ತು. ಬಸ್ಸಿಗೆ ಕಾಯುವ ಜಾಗಕ್ಕೆ ‘ತಂಗುದಾಣ’ ಅಂತ ಬರೆದಿದ್ದಾರಲ್ಲ. ಹಳ್ಳಿ ಹಳ್ಳಿಯಲ್ಲಿ ಇದೆ, ಎಲ್ಲರಿಗೂ ಅರ್ಥವಾಗುತ್ತದೆ. ಕಟ್ಟಲು ಮನಸ್ಸಿರಬೇಕು.

ಉತ್ತರ (ಶಿವಮೊಗ್ಗದಿಂದ)

‘ತಂಗುದಾಣ’ ಒಳ್ಳೆಯ ಪದ, ಅದರಲ್ಲಿ ತಕರಾರಿಲ್ಲ. ‘ತಂಗುಮನೆ’ಯೂ ಒಳ್ಳೆಯದೇ, ಹೋಂಸ್ಟೇ ನಡೆಸುವವರು ಹಾಕಿಕೊಂಡರೆ ನನಗೆ ಖುಷಿ. ಆದರೆ ಇವು ನಿಂತಿದ್ದು, ನಿಲ್ಲುವುದು ಅಚ್ಚಗನ್ನಡ ಅನ್ನುವ ಕಾರಣಕ್ಕಲ್ಲ. ಕೇಳಿದ ತಕ್ಷಣ ಕೆಲಸ ಏನು ಅಂತ ತಿಳಿಯುತ್ತದೆ, ಅದಕ್ಕೆ. ‘ನೆಲಮನೆ’ಯಲ್ಲಿ ಅದು ತಿಳಿಯುವುದಿಲ್ಲ, ಬೇರೆಯದೇ ತಿಳಿಯುತ್ತದೆ.

ಇನ್ನು ಎರವಲು ಎರವಲೇ ಅನ್ನುವುದು. ಒಂದು ಪದಕ್ಕೆ ಕನ್ನಡದ ಕೊನೆ ಹತ್ತಿ, ಕನ್ನಡದ ವಿಭಕ್ತಿ ಹತ್ತಿ, ಕನ್ನಡದವರ ಬದುಕಿನಿಂದ ಹೊಸ ಅರ್ಥವೂ ಹುಟ್ಟಿದ ಮೇಲೆ ಅದನ್ನು ಯಾರಿಗೆ ವಾಪಸ್ ಕೊಡುತ್ತೀರಿ? ಬಂಗಾಳಕ್ಕೆ ಕೊಟ್ಟರೆ ಅಲ್ಲಿ ಅದು ಅವರ ಭಾಷೆಯ ಹೆಸರು. ಲಂಡನ್ನಿಗೆ ಕೊಟ್ಟರೆ ಅಲ್ಲಿ ಅದಕ್ಕೆ ಬೇರೆ ಅರ್ಥ. ‘ಬಂಗ್ಲೆ ಕೆಲಸ’ ಅನ್ನುವ ಮಾತು ಹುಟ್ಟಿದ್ದು ಚಿಕ್ಕಮಗಳೂರಿನ ತೋಟದ ಹೆಣ್ಣಾಳುಗಳ ಬಾಯಲ್ಲಿ. ಅವರು ನಿಘಂಟು ನೋಡಿ ಮಾತಾಡಿದವರಲ್ಲ. ಆ ಪದವನ್ನು ಕನ್ನಡದ್ದಲ್ಲ ಅಂತ ಹೊರಗೆ ಹಾಕಿದರೆ ಅವರ ಮಾತನ್ನೂ ಹೊರಗೆ ಹಾಕಿದ ಹಾಗೆ. ಇದನ್ನು ನಾನು ಒಪ್ಪುವುದಿಲ್ಲ.

ಉತ್ತರ (ಜಯನಗರದಿಂದ)

ಹೆಣ್ಣಾಳುಗಳ ಹೆಸರಿನಲ್ಲಿ ಸೋಮಾರಿತನವನ್ನು ಸಮರ್ಥಿಸಬೇಡಿ. ಅವರು ಬಂಗ್ಲೆ ಅಂದಿದ್ದು ಬೇರೆ ದಾರಿ ಇಲ್ಲದೆ. ಒಡೆಯರು ಕೊಟ್ಟ ಪದ ಅದು.

ಉತ್ತರ (ಚಿಕ್ಕಮಗಳೂರಿನಿಂದ)

ಒಡೆಯರು ಕೊಟ್ಟಿದ್ದು ‘ಬಂಗಲೋ’ ಸ್ವಾಮಿ. ‘ಬಂಗ್ಲೆ’ ನಮ್ಮದು.

ಉತ್ತರ (ಮೈಸೂರಿನಿಂದ, ಅನುವಾದಕಿ)

ಎಲ್ಲರಿಗೂ ವಂದನೆ. ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ನಾನು ಹೀಗೆ ಮಾಡುತ್ತಿದ್ದೇನೆ. ಮೊದಲ ಸಲ ಬಂದಾಗ ‘ಹಳೇ ಮನೆ ಮಾರಿ, ಸಮುದ್ರದ ಹತ್ತಿರ ಮಹಡಿ ಮೆಟ್ಟಿಲು ಇಲ್ಲದ ಸಣ್ಣ ಮನೆ ಕೊಂಡರು’ ಅಂತ ಬರೆದೆ. ಆಮೇಲೆ ಹೆಚ್ಚಿನ ಕಡೆ ‘ಹೊಸ ಮನೆ’ ಸಾಕಾಗುತ್ತದೆ. ಒಂದೇ ಪದ ಬೇಕು ಅಂತ ಹಟ ಹಿಡಿಯುವ ಅಗತ್ಯ ಕಾಣಲಿಲ್ಲ. ಎರಡು ಜಾಗದಲ್ಲಿ ಮಾತ್ರ ಮೂಲದ ಪದ ಬೇಕೇ ಬೇಕು. ಮನೆ ಮಾರುವವನ ಜಾಹೀರಾತು, ಮತ್ತೆ ಮಗಳು ಫೋನಿನಲ್ಲಿ ಆಡುವ ಮಾತು. ಅಲ್ಲಿ ‘ಬಂಗಲೋ’ ಅಂತಲೇ ಇಡುತ್ತೇನೆ. ಮೆಟ್ಟಿಲಿಲ್ಲ ಅಂತ ಮೊದಲೇ ಹೇಳಿರುವುದರಿಂದ ದಾರಿ ತಪ್ಪುವುದಿಲ್ಲ. ಓಕಾರ ಇರುವುದರಿಂದ ನಮ್ಮ ಬಂಗಲೆ ಅಲ್ಲ ಅಂತಲೂ ಗೊತ್ತಾಗುತ್ತದೆ.

ಒಂದು ಸಣ್ಣ ಅನುಮಾನ. ವಿಭಕ್ತಿ ಹಚ್ಚುವಾಗ ‘ಬಂಗಲೋದಲ್ಲಿ’ ಸರಿಯೋ, ‘ಬಂಗಲೋವಿನಲ್ಲಿ’ ಸರಿಯೋ?

ಉತ್ತರ (ಜಯನಗರದಿಂದ)

ಬಂಗಲೋವಿನಲ್ಲಿ. ವಕಾರಾಗಮ ಆಗಲೇಬೇಕು.

ಉತ್ತರ (ಶಿವಮೊಗ್ಗದಿಂದ)

ರೇಡಿಯೋವಿನಲ್ಲಿ, ಫೋಟೋವಿನಲ್ಲಿ ಅಂತ ಈಗ ಯಾರು ಅನ್ನುತ್ತಾರೆ? ರೇಡಿಯೋದಲ್ಲಿ, ಫೋಟೋದಲ್ಲಿ. ಹಾಗೆಯೇ ಬಂಗಲೋದಲ್ಲಿ. ಎರಡನೇ ವಿಭಕ್ತಿಗೆ ಮಾತ್ರ ವಕಾರ ಬರುತ್ತದೆ, ‘ಬಂಗಲೋವನ್ನು’. ಮಗಳು ಫೋನಿನಲ್ಲಿ ಆಡುವ ಮಾತಾದರೆ ಆ ‘ಅನ್ನು’ ಕೂಡ ಬೇಡ, ‘ಬಂಗಲೋ ನೋಡಿದ್ರಾ?’ ಅಂದರೆ ಸಾಕು.